ಇಪ್ಪತ್ತೇಳರಲ್ಲೊಂದು ಪಾಲು ಬಿಸಿಲು

ದೇವನಹಳ್ಳಿಯ ಚಕ್ಕೋತ ಕಂಡವರಿಗೆ ವ್ಯಾನ್‌ಗಾರ್ಡ್-1ರ ಗಾತ್ರವನ್ನು ಬೇರೆ ಹೇಳಬೇಕಿಲ್ಲ. 16.5 ಸೆಂಟಿಮೀಟರ್ ಅಡ್ಡಳತೆಯ ಲೋಹದ ಗೋಲ, ತೂಕ ಒಂದೂವರೆ ಕಿಲೋಗೆ ತುಸು ಕಡಿಮೆ. 1958ರ ಮಾರ್ಚ್ 17ರಂದು ಅಮೆರಿಕದ ನೌಕಾಪಡೆಯವರು ಅದನ್ನು ಕಕ್ಷೆಗೆ ಏರಿಸಿದರು. ಒಳಗೆ ಎರಡು ಪುಟ್ಟ ಟ್ರಾನ್ಸ್‌ಮಿಟರ್‌ಗಳು. ಒಂದಕ್ಕೆ ಪಾದರಸದ ಬ್ಯಾಟರಿಯ ಆಸರೆ. ಇನ್ನೊಂದಕ್ಕೆ ಗೋಲದ ಮೈಮೇಲೆ ಆರು ಕಡೆ ಕೂರಿಸಿದ ಸೌರಕೋಶಗಳು.

ಆ ಕೋಶಗಳು ಅಲ್ಲಿಗೆ ಸುಮ್ಮನೆ ಬಂದು ಕೂತದ್ದಲ್ಲ. ಜರ್ಮನಿಯಿಂದ ಬಂದು ಅಮೆರಿಕದ ಸೇನೆಯ ಸಿಗ್ನಲ್ ವಿಭಾಗ ಸೇರಿದ್ದ ಹಾನ್ಸ್ ಝೀಗ್ಲರ್ ಎಂಬ ವಿಜ್ಞಾನಿ ಅವುಗಳ ಪರವಾಗಿ ಹಟ ಹಿಡಿದಿದ್ದ. ನಾಲ್ಕು ವರ್ಷ ಹಿಂದೆ, 1954ರ ಏಪ್ರಿಲ್‌ನಲ್ಲಿ, ಬೆಲ್ ಲ್ಯಾಬ್ಸ್‌ನ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ಸಿಲಿಕಾನ್ ಕೋಶದ ಕರೆಂಟಿನಿಂದ ಒಂದು ಆಟದ ಜಾಯಿಂಟ್ ವೀಲ್ ತಿರುಗಿಸಿ ತೋರಿಸಿದ್ದರು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ನೆಲದ ಮೇಲೆ ಅದನ್ನು ಕೊಳ್ಳುವವರಿರಲಿಲ್ಲ, ಅಷ್ಟು ದುಬಾರಿ. ಆಕಾಶಕ್ಕೆ ಇದೇ ತಕ್ಕದ್ದು ಎಂದು ಝೀಗ್ಲರ್‌ಗೆ ಖಾತ್ರಿಯಿತ್ತು. ಪರೀಕ್ಷೆಯಾಗದ ಸಾಮಾನನ್ನು ಉಪಗ್ರಹಕ್ಕೆ ಏರಿಸಲು ನೌಕಾಪಡೆಗೆ ಮನಸ್ಸಿರಲಿಲ್ಲ. ಕೊನೆಗೆ ಎರಡೂ ಇರಲಿ ಎಂದು ರಾಜಿಯಾಯಿತು.

ಬ್ಯಾಟರಿಯ ಟ್ರಾನ್ಸ್‌ಮಿಟರ್ ಆ ವರ್ಷದ ಜೂನ್ ಹೊತ್ತಿಗೆ ಮೌನವಾಯಿತು. ಸೌರಕೋಶದ್ದು 1964ರ ಮೇವರೆಗೆ ಮಾತಾಡಿತು. ಆರು ವರ್ಷ! ಆಮೇಲೆ ಬ್ಯಾಟರಿಯೊಂದನ್ನೇ ನಂಬಿ ದೂರದ ಯಾತ್ರೆ ಹೊರಡುವ ಮಾತೇ ಉಳಿಯಲಿಲ್ಲ. ಬಿಸಿಲು ಎಲ್ಲಿಯವರೆಗೆ ಕೈಹಿಡಿದೀತು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಅದಕ್ಕೆ ಉತ್ತರ ಕೊಡುವ ಲೆಕ್ಕ ಶಾಲೆಯದೇ. ಸೂರ್ಯನಿಂದ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆ, ಮೂರು ಪಟ್ಟಾದರೆ ಒಂಬತ್ತರಲ್ಲೊಂದು. ಭೂಮಿಯ ಹತ್ತಿರ, ವಾತಾವರಣದ ಆಚೆ, ಒಂದು ಚದರ ಮೀಟರಿಗೆ 1,361 ವಾಟ್ ಬಿಸಿಲು ಬೀಳುತ್ತದೆ. ಮಂಗಳದ ಹತ್ತಿರ ಅದು 590ಕ್ಕೆ ಇಳಿಯುತ್ತದೆ. ಗುರುಗ್ರಹ ನಮಗಿಂತ 5.2 ಪಟ್ಟು ದೂರ, ಆದ್ದರಿಂದ ಅಲ್ಲಿ 50 ವಾಟ್. ಅಂದರೆ ಇಲ್ಲಿನ ಬಿಸಿಲಿನ ಇಪ್ಪತ್ತೇಳರಲ್ಲೊಂದು ಪಾಲು. ಶನಿಯಲ್ಲಿ 15. ಇಂದಿನ ಅತ್ಯುತ್ತಮ ಕೋಶಗಳು ಬೆಳಕಿನ ಮೂರರಲ್ಲೊಂದು ಪಾಲಿನ ಹತ್ತಿರದಷ್ಟನ್ನು ವಿದ್ಯುತ್ತಾಗಿಸುತ್ತವೆ. ಅವನ್ನು ಒಂದು ಚದರ ಮೀಟರ್ ತುಂಬ ಜೋಡಿಸಿ ಗುರುವಿನ ಬಳಿ ಬಿಡಿಸಿಟ್ಟರೂ, ನಮ್ಮ ಅಡುಗೆಮನೆಯ ಒಂದು ಎಲ್‌ಇಡಿ ಬಲ್ಬು ಉರಿಯುವಷ್ಟು ಕರೆಂಟು ಬಂದೀತು. ಅಷ್ಟರಲ್ಲೇ ನೌಕೆಯ ಕಂಪ್ಯೂಟರ್ ನಡೆಯಬೇಕು, ಮೈ ಬೆಚ್ಚಗಿರಬೇಕು, ಎಂಬತ್ತು ತೊಂಬತ್ತು ಕೋಟಿ ಕಿಲೋಮೀಟರ್ ಆಚೆಯಿಂದ ಸುದ್ದಿಯೂ ಬರಬೇಕು.

ಮಂಗಳದವರೆಗೆ ಯಾರಿಗೂ ಅನುಮಾನವಿರಲಿಲ್ಲ. 1964ರ ನವೆಂಬರ್‌ನಲ್ಲಿ ಹೊರಟ ಮ್ಯಾರಿನರ್-4 ನಾಲ್ಕು ರೆಕ್ಕೆಗಳ ಮೇಲೆ 28,224 ಕೋಶಗಳನ್ನು ಹೊತ್ತು ಹೋಗಿ, 1965ರ ಜುಲೈನಲ್ಲಿ ಮಂಗಳದ ಮೊದಲ ಸಮೀಪಚಿತ್ರಗಳನ್ನು ಕಳಿಸಿತು. ಅದರಾಚೆ ಮಾತ್ರ ದಾರಿ ಬದಲಾಯಿತು. 1972ರ ಮಾರ್ಚ್‌ನಲ್ಲಿ ಗುರುವಿನತ್ತ ಹೊರಟ ಪಯೊನೀರ್-10ಕ್ಕೆ ಸೌರಫಲಕಗಳೇ ಇರಲಿಲ್ಲ. ಅದರ ಹೊಟ್ಟೆಪಾಡು ನಾಲ್ಕು ಪ್ಲುಟೋನಿಯಂ ಬ್ಯಾಟರಿಗಳದ್ದು. ವಾಯೇಜರ್, ಗೆಲಿಲಿಯೊ, ಯುಲಿಸಿಸ್, ಕ್ಯಾಸಿನಿ, ನ್ಯೂ ಹೊರೈಜನ್ಸ್ ಎಲ್ಲವೂ ಅದೇ ದಾರಿ ಹಿಡಿದವು.

ಪ್ಲುಟೋನಿಯಂ-238 ತನ್ನಷ್ಟಕ್ಕೆ ತಾನು ಬಿಸಿಯಾಗಿರುವ ಲೋಹ. ಬೆಂಕಿ ಬೇಡ, ಗಾಳಿ ಬೇಡ. ಒಳಗಿನ ಅಣುಬೀಜಗಳು ಒಡೆಯುತ್ತ ಹೋದಂತೆ ಶಾಖ ಹೊರಬರುತ್ತಲೇ ಇರುತ್ತದೆ. ಆ ಶಕ್ತಿ ಅರ್ಧಕ್ಕಿಳಿಯಲು 87 ವರ್ಷ ಬೇಕು. ಒಂದು ಬದಿ ಈ ಬಿಸಿ, ಇನ್ನೊಂದು ಬದಿ ಅಂತರಿಕ್ಷದ ಚಳಿ. ನಡುವೆ ಎರಡು ಬಗೆಯ ಲೋಹಪಟ್ಟಿ ಕೂಡಿಸಿಟ್ಟರೆ ಕರೆಂಟು ಹರಿಯುತ್ತದೆ. ಸೂರ್ಯ ಎಲ್ಲಿದ್ದಾನೆ ಎಂದು ಕೇಳಬೇಕಾಗಿಲ್ಲ. 1977ರಲ್ಲಿ ಹೊರಟ ವಾಯೇಜರ್‌ಗಳು ನಾಲ್ಕು ದಶಕ ದಾಟಿಯೂ ಮಾತಾಡುತ್ತಿದ್ದುದು ಈ ಬಲದಿಂದಲೇ. ಇದನ್ನು ಹಗುರ ಮಾಡಿ ಹೇಳುವಂತಿಲ್ಲ.

ಆದರೆ ಅದಕ್ಕೆ ಎರಡು ತೊಡಕುಗಳಿದ್ದವು. ಮೊದಲನೆಯದು ಭಯ. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಉಪಗ್ರಹ ಕಕ್ಷೆ ಸೇರದೆ ಹಿಂದಕ್ಕೆ ಬಿದ್ದಾಗ, ಅದರೊಳಗಿದ್ದ ಪ್ಲುಟೋನಿಯಂ ವಾತಾವರಣದ ಮೇಲ್ಭಾಗದಲ್ಲೇ ಉರಿದು ಹರಡಿತ್ತು. ಆಮೇಲಿನ ಬ್ಯಾಟರಿಗಳನ್ನು ಬಿದ್ದರೂ ಒಡೆಯದಂತೆ ಕಟ್ಟಿದರೂ ಅಂಜಿಕೆ ಹೋಗಲಿಲ್ಲ. 1997ರಲ್ಲಿ ಸುಮಾರು 33 ಕಿಲೋ ಪ್ಲುಟೋನಿಯಂ ಇಂಧನ ಹೊತ್ತ ಕ್ಯಾಸಿನಿ ಏರುವ ಮುನ್ನ ಫ್ಲಾರಿಡಾದಲ್ಲಿ ಜನ ಪ್ರತಿಭಟನೆಗಿಳಿದರು. ಎರಡನೆಯದು ಕೊರತೆ. ಅಣ್ವಸ್ತ್ರ ಕಾರ್ಖಾನೆಗಳ ಜೊತೆಗೆ ತಯಾರಾಗುತ್ತಿದ್ದ ಈ ಪ್ಲುಟೋನಿಯಂನ ಉತ್ಪಾದನೆ ಅಮೆರಿಕದಲ್ಲಿ 1988ರಲ್ಲಿ ನಿಂತಿತು. ಕೆಲಕಾಲ ರಷ್ಯದಿಂದ ಕೊಂಡರು. 2009ರ ಹೊತ್ತಿಗೆ ಆ ಬಾಗಿಲೂ ಮುಚ್ಚಿತು. ಮತ್ತೆ ಸ್ವಂತ ತಯಾರಿಕೆ ಶುರುವಾಗಿ 2015ರಲ್ಲಿ ಓಕ್ ರಿಡ್ಜ್ ಪ್ರಯೋಗಾಲಯದಿಂದ ಮೊದಲ ಕಂತು ಹೊರಬಂತು. ಅದರ ತೂಕ 50 ಗ್ರಾಂ, ಒಂದು ಕೋಳಿಮೊಟ್ಟೆಯಷ್ಟು.

ಯುರೋಪಿನ ಬಳಿಯಂತೂ ಇಂಥ ಬ್ಯಾಟರಿ ಇರಲೇ ಇಲ್ಲ. ಯುಲಿಸಿಸ್ ಎಂಬ ಯುರೋಪಿನ ನೌಕೆ 1990ರಲ್ಲಿ ಹೊರಟದ್ದು ಅಮೆರಿಕ ಕೊಟ್ಟ ಪ್ಲುಟೋನಿಯಂ ಮೇಲೆ. ಧೂಮಕೇತುವೊಂದರ ಬಳಿಗೆ ಹೋಗುವ ಕನಸನ್ನೂ ಇಬ್ಬರೂ ಕೂಡಿಯೇ ಕಂಡಿದ್ದರು. 1990ರ ದಶಕದ ಮೊದಲಲ್ಲಿ ದುಡ್ಡಿನ ಮುಗ್ಗಟ್ಟಿನಿಂದ ಅಮೆರಿಕ ಹಿಂದೆ ಸರಿಯಿತು. ಯುರೋಪಿಯನ್ ಸ್ಪೇಸ್ ಏಜೆನ್ಸಿ ಕನಸು ಬಿಡಲಿಲ್ಲ. 1993ರ ನವೆಂಬರ್‌ನಲ್ಲಿ ರೊಸೆಟ್ಟಾ ಯೋಜನೆಗೆ ಒಪ್ಪಿಗೆ ಬಿತ್ತು. ಪ್ಲುಟೋನಿಯಂ ಇಲ್ಲ, ಗುರುವಿನಷ್ಟು ದೂರ ಹೋಗಲೇಬೇಕು; ಉಳಿದದ್ದು ಬಿಸಿಲೊಂದೇ. ಇಲ್ಲದ್ದು ಕಾಡಿದಾಗಲೇ ಈ ವಿದ್ಯೆ ಬೆಳೆದದ್ದು ಎಂಬುದು ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ. ಪ್ಲುಟೋನಿಯಂ ಕೈಗೆ ಎಟುಕುತ್ತಿದ್ದರೆ ಇಷ್ಟು ಕಷ್ಟ ಪಡುವವರು ಯಾರು?

ಕಷ್ಟ ದೊಡ್ಡದೇ ಇತ್ತು. ಫಲಕವನ್ನು ದೊಡ್ಡದು ಮಾಡಿಬಿಟ್ಟರೆ ಸಾಕಾಗುತ್ತಿರಲಿಲ್ಲ. ಚಳಿ ಸೌರಕೋಶಕ್ಕೆ ಹಿತವೇ. ತಣ್ಣಗಿದ್ದಷ್ಟೂ ಅದು ಹೆಚ್ಚು ವೋಲ್ಟೇಜ್ ಕೊಡುತ್ತದೆ. ಆದರೆ ಬೆಳಕೂ ಕಡಿಮೆ, ಚಳಿಯೂ ಹೆಚ್ಚು ಎಂಬ ಜಾಗದಲ್ಲಿ ಕೆಲವು ಕೋಶಗಳು ಲೆಕ್ಕಕ್ಕೆ ಸಿಗದೆ ಕುಸಿಯುತ್ತಿದ್ದವು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಕೋಶಗಳಲ್ಲಿ ಒಂದು ಚೆನ್ನಾಗಿ ನಡೆದರೆ ಇನ್ನೊಂದು ಕೈಕೊಡುತ್ತಿತ್ತು. ಭೂಮಿಯ ಬಿಸಿಲಿನಲ್ಲಿ ಅಳೆದರೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕೆರೆಯ ತೂಬು ನೋಡಿದವರಿಗೆ ಇದು ತಿಳಿಯುತ್ತದೆ. ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ಭೋರ್ಗರೆಯುವಾಗ ತೂಬಿನ ಬಿರುಕಿನಲ್ಲಿ ಒಂದು ಎಳೆ ಸೋರಿದರೆ ಯಾರಿಗೆ ಗೊತ್ತಾಗುತ್ತದೆ? ಬೇಸಿಗೆಯಲ್ಲಿ ಕೆರೆಗೆ ಬರುವ ನೀರೇ ಒಂದು ಎಳೆಯಷ್ಟಾದಾಗ, ಬಂದದ್ದೆಲ್ಲ ಆ ಬಿರುಕಿನಲ್ಲೇ ಹೋಗುತ್ತದೆ. ಸಿಲಿಕಾನ್ ಹರಳಿನೊಳಗೂ ಅಂಥ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಕರೆಂಟು ಅಡ್ಡದಾರಿ ಹಿಡಿದು ಸೋರುವ ಜಾಗಗಳು. ಗುರುವಿನ ಬಿಸಿಲು ಬೇಸಿಗೆಯ ಕೆರೆ.

ಇದರ ಮೇಲೆ ಇನ್ನೊಂದು ಪೇಚು. ಕೋಶಗಳನ್ನು ಹೂಮಾಲೆಯ ಹಾಗೆ ಒಂದಕ್ಕೊಂದು ಪೋಣಿಸಿರುತ್ತಾರೆ. ಕರೆಂಟು ಒಂದನ್ನು ಹಾದು ಇನ್ನೊಂದಕ್ಕೆ ಹೋಗಬೇಕು. ಒಂದು ಸೊರಗಿದರೆ ಇಡೀ ಸಾಲು ಸೊರಗುತ್ತದೆ. ನಮ್ಮ ಮನೆಯ ತಾರಸಿಯ ಸೋಲಾರ್ ಫಲಕದ ಮೇಲೆ ಚಳಿಗಾಲದ ಬೆಳಗ್ಗೆ ಪಕ್ಕದ ತೆಂಗಿನ ಒಂದು ಗರಿಯ ನೆರಳು ಬೀಳುತ್ತದೆ. ಅಂಗೈ ಅಗಲದ ಪಟ್ಟಿ, ಅಷ್ಟೇ. ಗರಿ ಗಾಳಿಗೆ ಸರಿದರೆ ಮೀಟರಿನ ಅಂಕಿ ಏರುತ್ತದೆ, ಮತ್ತೆ ಬಂದು ಕೂತರೆ ಧೊಪ್ಪನೆ ಬೀಳುತ್ತದೆ. ಕಾಫಿ ಲೋಟ ಹಿಡಿದು ಎಷ್ಟೋ ಸಲ ಆ ಆಟ ನೋಡುತ್ತ ನಿಂತಿದ್ದೇನೆ. ಗರಿಯನ್ನಾದರೆ ದೋಟಿಯಿಂದ ಎಳೆದು ಹಾಕಬಹುದು.

ಯುರೋಪಿನ ಎಂಜಿನಿಯರುಗಳು ಮಂದ ಬೆಳಕಿಗೂ ಕೊರೆಯುವ ಚಳಿಗೂ ಹೊಂದುವ ಸಿಲಿಕಾನ್ ಕೋಶವನ್ನೇ ಬೇರೆಯಾಗಿ ರೂಪಿಸಿದರು. ರೊಸೆಟ್ಟಾದ ಎರಡು ರೆಕ್ಕೆಗಳು ಬಿಚ್ಚಿದಾಗ ತುದಿಯಿಂದ ತುದಿಗೆ 32 ಮೀಟರ್, ಒಂದೂವರೆ ಕ್ರಿಕೆಟ್ ಪಿಚ್‌ಗಿಂತ ಉದ್ದ. ಒಟ್ಟು 64 ಚದರ ಮೀಟರ್ ಕೋಶ. 2004ರ ಮಾರ್ಚ್ 2ರಂದು ದಕ್ಷಿಣ ಅಮೆರಿಕದ ಕೂರೂ ಉಡಾವಣಾ ಕೇಂದ್ರದಿಂದ ಅದು ಹೊರಟಿತು. ಹಿಡಿಯಬೇಕಾಗಿದ್ದ ಧೂಮಕೇತುವಿನ ಹೆಸರು 67ಪಿ ಚುರ್ಯುಮೊವ್-ಗೆರಾಸಿಮೆಂಕೊ. ಭೂಮಿಯನ್ನು ಮೂರು ಸಲ, ಮಂಗಳವನ್ನು ಒಂದು ಸಲ ಬಳಸಿ, ವೇಗ ಗಳಿಸುತ್ತ ಹತ್ತು ವರ್ಷದ ದಾರಿ.

ಆ ದಾರಿಯ ನಡುವೆ ಒಂದು ಗಂಡಾಂತರವಿತ್ತು. ನೌಕೆ ಸೂರ್ಯನಿಂದ ಅತಿ ದೂರಕ್ಕೆ, ಸುಮಾರು 79 ಕೋಟಿ ಕಿಲೋಮೀಟರಿಗೆ ಹೋದಾಗ ಅಷ್ಟಗಲದ ರೆಕ್ಕೆಗಳಿಂದಲೂ ಸಿಗುವುದು 400 ವಾಟ್‌ಗಿಂತ ಕಡಿಮೆ. ಇಡೀ ನೌಕೆಯನ್ನು ನಡೆಸಲು ಅದು ಸಾಲದು. ಹೀಗಾಗಿ ಅದನ್ನು ಮಲಗಿಸಲು ತೀರ್ಮಾನಿಸಿದರು. 2011ರ ಜೂನ್ 8ರಂದು ಜರ್ಮನಿಯ ಡಾರ್ಮ್‌ಸ್ಟಾಟ್ ನಿಯಂತ್ರಣ ಕೇಂದ್ರದಿಂದ ಕೊನೆಯ ಆಜ್ಞೆ ಹೋಯಿತು. ರೊಸೆಟ್ಟಾ ಬುಗುರಿಯ ಹಾಗೆ ನಿಧಾನ ತಿರುಗುತ್ತ, ರೆಕ್ಕೆಗಳನ್ನು ಸೂರ್ಯನ ಕಡೆಗಿಟ್ಟು ಮಲಗಿತು. ಉಪಕರಣಗಳು ಆಫ್. ಟ್ರಾನ್ಸ್‌ಮಿಟರ್ ಆಫ್. ಭೂಮಿ ಕರೆದರೆ ಕೇಳಿಸಿಕೊಳ್ಳುವ ಕಿವಿಯೂ ಆಫ್. ಕಂಪ್ಯೂಟರ್, ಗಡಿಯಾರ, ಮೈ ಹೆಪ್ಪುಗಟ್ಟದಂತೆ ಕಾಯುವ ಕೆಲವು ಹೀಟರ್‌ಗಳು, ಇಷ್ಟೇ ಎಚ್ಚರ.

ಅದು 957 ದಿನಗಳ ನಿದ್ದೆ. ಎರಡೂವರೆ ವರ್ಷ ಯಾರೂ ಏನೂ ಮಾಡುವಂತಿರಲಿಲ್ಲ. ಹೀಟರೊಂದು ಕೆಟ್ಟರೂ, ಕೋಶಗಳ ಸಾಲೊಂದು ಸೊರಗಿದರೂ ತಿಳಿಯುವ ದಾರಿಯಿಲ್ಲ. ನಂಬಬೇಕಾಗಿದ್ದದ್ದು ಹತ್ತು ಹದಿನೈದು ವರ್ಷ ಹಿಂದೆ ಪ್ರಯೋಗಾಲಯದಲ್ಲಿ ಕೋಶಗಳನ್ನು ಅಳೆದವರ ಪ್ರಾಮಾಣಿಕತೆಯನ್ನು.

ಏಳಬೇಕಾದ ದಿನ 2014ರ ಜನವರಿ 20. ನಮ್ಮ ಗಡಿಯಾರದ ಲೆಕ್ಕದಲ್ಲಿ ಮಧ್ಯಾಹ್ನ ಮೂರೂವರೆಗೆ ನೌಕೆಯೊಳಗಿನ ಅಲಾರಂ ಹೊಡೆಯಬೇಕು. ಎದ್ದ ಕೂಡಲೇ ಮಾತಾಡುವ ಹಾಗಿಲ್ಲ. ನಕ್ಷತ್ರ ನೋಡುವ ಕ್ಯಾಮೆರಾಗಳು ಬೆಚ್ಚಗಾಗಲು ಗಂಟೆಗಟ್ಟಲೆ ಬೇಕು, ಆಮೇಲೆ ಬುಗುರಿ ನಿಲ್ಲಬೇಕು, ದಿಕ್ಕು ಹುಡುಕಿಕೊಳ್ಳಬೇಕು, ಆಂಟೆನಾ ಭೂಮಿಯತ್ತ ತಿರುಗಬೇಕು. ಅಲ್ಲಿಂದ 80 ಕೋಟಿ ಕಿಲೋಮೀಟರ್ ದಾಟಿ ಬರಲು ಬೆಳಕಿಗೇ 45 ನಿಮಿಷ. ರಾತ್ರಿ ಹನ್ನೊಂದರಿಂದ ಹನ್ನೆರಡರ ಒಳಗೆ ಸಂಕೇತ ಬರಬೇಕೆಂದು ಲೆಕ್ಕ ಹಾಕಿದ್ದರು. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲೂ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲೂ ದೊಡ್ಡ ಆಂಟೆನಾಗಳು ಆ ಕಡೆಗೇ ಕಿವಿಯಾನಿಸಿದ್ದವು.

ಹನ್ನೊಂದಾಯಿತು. ಹನ್ನೊಂದೂವರೆ ಆಯಿತು. ಡಾರ್ಮ್‌ಸ್ಟಾಟ್‌ನಲ್ಲಿ ಎಲ್ಲರ ಕಣ್ಣೂ ಒಂದೇ ಪರದೆಯ ಮೇಲೆ. ಅದರಲ್ಲಿ ಹುಲ್ಲಿನ ತುದಿಗಳಂತೆ ನಡುಗುವ ಒಂದು ಗೆರೆ, ಬರೀ ಗದ್ದಲದ ಗೆರೆ. ಹನ್ನೆರಡಕ್ಕೆ ಹನ್ನೆರಡು ನಿಮಿಷ ಇರುವಾಗ ಆ ಹುಲ್ಲಿನ ನಡುವಿನಿಂದ ಒಂದು ಮೊನೆ ನೆಟ್ಟಗೆ ಎದ್ದು ನಿಂತಿತು. ನೌಕೆಯ ಕಾರ್ಯಾಚರಣೆ ನೋಡಿಕೊಳ್ಳುತ್ತಿದ್ದ ಆಂಡ್ರಿಯಾ ಅಕೊಮಾಝೊ ಮತ್ತು ಗೆಳೆಯರು ಕುರ್ಚಿ ಬಿಟ್ಟು ಎಗರಿದ ದೃಶ್ಯದ ವಿಡಿಯೊ ಇದೆ. ಅದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗಿದೆ. ತಡವಾದದ್ದಕ್ಕೆ ಕಾರಣ ಆಮೇಲೆ ಗೊತ್ತಾಯಿತು: ಏಳುವ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ಒಮ್ಮೆ ರೀಸ್ಟಾರ್ಟ್ ಆಗಿತ್ತು.

ಆ ವರ್ಷದ ಆಗಸ್ಟ್ 6ರಂದು ರೊಸೆಟ್ಟಾ ಧೂಮಕೇತುವನ್ನು ಸೇರಿತು. ನವೆಂಬರ್ 12ರಂದು ಅದರ ಬೆನ್ನ ಮೇಲಿದ್ದ ಫೈಲೀ ಎಂಬ ಪುಟ್ಟ ಯಂತ್ರ ಕೆಳಕ್ಕಿಳಿಯಿತು. ನೆಲಕ್ಕೆ ಕಚ್ಚಿ ಹಿಡಿಯಬೇಕಾಗಿದ್ದ ಈಟಿಗಳು ಹಾರಲಿಲ್ಲ. ಫೈಲೀ ಚೆಂಡಿನ ಹಾಗೆ ಪುಟಿದು, ಸುಮಾರು ಎರಡು ಗಂಟೆ ತೇಲಾಡಿ, ಒಂದು ಬಂಡೆಯ ಮಗ್ಗುಲಿಗೆ ಹೋಗಿ ಒರಗಿತು. ಧೂಮಕೇತುವಿನ ಹನ್ನೆರಡು ಚಿಲ್ಲರೆ ಗಂಟೆಯ ದಿನದಲ್ಲಿ ಆರೇಳು ಗಂಟೆ ಬಿಸಿಲು ಸಿಗಬೇಕಾಗಿದ್ದ ಯಂತ್ರಕ್ಕೆ ಒಂದೂವರೆ ಗಂಟೆಯ ಬಿಸಿಲು. ಬ್ಯಾಟರಿ ಮುಗಿಯುವ ಮುನ್ನ ಎಂಜಿನಿಯರುಗಳು ಅದರ ಮೈಯನ್ನು ನಾಲ್ಕು ಸೆಂಟಿಮೀಟರ್ ಎತ್ತಿ, 35 ಡಿಗ್ರಿ ತಿರುಗಿಸಿ, ದೊಡ್ಡ ಫಲಕವನ್ನು ಬೆಳಕಿನತ್ತ ಒಡ್ಡಲು ನೋಡಿದರು. ಅಂಗಳದಲ್ಲಿ ಸಂಡಿಗೆ ಒಣಹಾಕಿದವರು ನೆರಳು ಬಂದಂತೆ ಚಾಪೆ ಎಳೆಯುವ ಹಾಗೆ. ನವೆಂಬರ್ 15ರ ನಸುಕಿನಲ್ಲಿ ಅದು ಮೌನವಾಯಿತು. ಏಳು ತಿಂಗಳಾದ ಮೇಲೆ, ಧೂಮಕೇತು ಸೂರ್ಯನಿಗೆ ಹತ್ತಿರವಾದಾಗ, 2015ರ ಜೂನ್ 13ರಂದು, ಫೈಲೀ ಎಚ್ಚೆತ್ತು 85 ಸೆಕೆಂಡ್ ಮಾತಾಡಿತು. ಜುಲೈನ ನಂತರ ಮತ್ತೆ ದನಿ ಬರಲಿಲ್ಲ. ಅದು ಎಲ್ಲಿ ಬಿದ್ದಿದೆ ಎಂದು ಕಣ್ಣಾರೆ ಕಂಡದ್ದು 2016ರ ಸೆಪ್ಟೆಂಬರ್ 2ರಂದು ರೊಸೆಟ್ಟಾ ತೆಗೆದ ಚಿತ್ರದಲ್ಲಿ. ಕತ್ತಲ ಸಂದಿಯಲ್ಲಿ ಪಕ್ಕಕ್ಕೆ ಉರುಳಿ, ಒಂದು ಕಾಲು ಮೇಲೆತ್ತಿಕೊಂಡಿತ್ತು.

ಅದೇ ತಿಂಗಳ 30ರಂದು ರೊಸೆಟ್ಟಾವನ್ನೂ ಧೂಮಕೇತುವಿನ ಮೇಲೆ ಇಳಿಸಿ ಕಥೆ ಮುಗಿಸಿದರು. ಅದು ಕೆಟ್ಟಿರಲಿಲ್ಲ. 67ಪಿ ಮತ್ತೆ ಗುರುವಿನ ಕಕ್ಷೆಯಾಚೆಗೆ ಹೊರಟಿತ್ತು. ಜೊತೆಗೆ ಹೋದರೆ ಬಿಸಿಲು ಕರಗುತ್ತಿತ್ತು. ಇನ್ನೊಮ್ಮೆ ಮಲಗಿಸಿದರೆ ಹಳೆಯ ನೌಕೆ ಏಳುವ ಭರವಸೆಯಿರಲಿಲ್ಲ.

ಅಷ್ಟರಲ್ಲಿ, ಬಿಸಿಲೊಂದನ್ನೇ ನಂಬಿ ಅತಿ ದೂರ ಹೋದ ರೊಸೆಟ್ಟಾದ ದಾಖಲೆಯನ್ನು ಇನ್ನೊಂದು ನೌಕೆ ದಾಟಿಯಾಗಿತ್ತು. 2011ರ ಆಗಸ್ಟ್ 5ರಂದು, ರೊಸೆಟ್ಟಾ ಮಲಗಿ ಎರಡು ತಿಂಗಳಾಗಿದ್ದಾಗ, ನಾಸಾದ ಜುನೋ ಗುರುವಿನತ್ತ ಹೊರಟಿತ್ತು. ಗುರುವಿಗೆ ಸೌರಫಲಕ ಕಟ್ಟಿಕೊಂಡು ಹೋದ ಮೊದಲ ನೌಕೆ ಅದು. ಸುಮಾರು ಒಂಬತ್ತು ಮೀಟರ್ ಉದ್ದದ ಮೂರು ರೆಕ್ಕೆ, 18,698 ಕೋಶಗಳು. ಇವು ಸಿಲಿಕಾನ್ ಅಲ್ಲ. ಬೆಳಕಿನ ಒಂದೊಂದು ಬಣ್ಣವನ್ನು ಒಂದೊಂದು ಪದರ ಹಿಡಿಯುವ ಗ್ಯಾಲಿಯಂ ಆರ್ಸೆನೈಡ್ ಜಾತಿಯವು. ತೂಬು ಸೋರುವ ಕೋಶ ಸಾಲಿನಲ್ಲಿ ಸೇರಿಕೊಳ್ಳದಂತೆ, ಗುರುವಿನ ಮಂದ ಬೆಳಕು, ಕಡು ಚಳಿಯಲ್ಲಿ ಪರೀಕ್ಷಿಸಿ ಆರಿಸಿದ್ದರು. ಅಕ್ಕಿ ಆರಿಸುವ ಕೆಲಸ. ಭೂಮಿಯ ಹತ್ತಿರ 14,000 ವಾಟ್ ಕೊಡಬಲ್ಲ ಆ ರೆಕ್ಕೆಗಳಿಂದ ಗುರುವಿನಲ್ಲಿ ಸಿಕ್ಕಿದ್ದು 500 ವಾಟ್ ಆಸುಪಾಸು, ನಮ್ಮ ಮಿಕ್ಸಿ ಎಳೆಯುವಷ್ಟು. 2016ರ ಜನವರಿ 13ರಂದು ಜುನೋ ಸೂರ್ಯನಿಂದ 79.3 ಕೋಟಿ ಕಿಲೋಮೀಟರ್ ದೂರ ತಲುಪಿ ರೊಸೆಟ್ಟಾವನ್ನು ಹಿಂದೆ ಹಾಕಿತು. ಜುಲೈ 4ರಂದು ಗುರುವಿನ ಕಕ್ಷೆ ಸೇರಿತು.

ದೂರವನ್ನು ಹೀಗೆ ಗೆದ್ದಾಯಿತು. ಇನ್ನು ಉಳಿದದ್ದು ನೆರಳು.

ಬಿಸಿಲನ್ನೇ ನಂಬಿದ ಜುನೋವನ್ನು ಒಂದು ಕ್ಷಣವೂ ನೆರಳಿಗೆ ಹೋಗದ ಹಾಗೆ ನಡೆಸುವುದು ಮೊದಲಿನಿಂದಲೂ ಯೋಜನೆ. ಗುರುವಿನ ಧ್ರುವಗಳ ಮೇಲೆ ಹಾಯುವ ಕಕ್ಷೆ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಹೊರಟ ಮೇಲೆ ಅದು ಮೊದಲ ಸಲ ಕತ್ತಲು ಕಂಡದ್ದು ನಮ್ಮ ಭೂಮಿಯದೇ. 2013ರ ಅಕ್ಟೋಬರ್ 9ರಂದು ವೇಗ ಗಳಿಸಲು ಭೂಮಿಯ ಬಳಿ ಬಂದಾಗ 20 ನಿಮಿಷದ ನೆರಳು. ಅಷ್ಟಕ್ಕೇ ನೌಕೆ ಗಾಬರಿಗೊಂಡು ಎಲ್ಲ ಕೆಲಸ ನಿಲ್ಲಿಸಿ ರಕ್ಷಣಾ ಸ್ಥಿತಿಗೆ ಹೋಗಿಬಿಟ್ಟಿತ್ತು.

ಗುರುವಿನಲ್ಲಿ 53 ದಿನದ ಕಕ್ಷೆಯನ್ನು 14 ದಿನಕ್ಕೆ ಇಳಿಸಬೇಕಾಗಿತ್ತು. ಎಂಜಿನ್ನಿನ ಹೀಲಿಯಂ ಕವಾಟಗಳು ಜಡವಾದದ್ದರಿಂದ ಆ ಸಾಹಸ ಕೈಬಿಟ್ಟು ಹಳೆಯ ಕಕ್ಷೆಯಲ್ಲೇ ಉಳಿದರು. ಆಗ ಎದುರಾಯಿತು ಲೆಕ್ಕದಲ್ಲಿಲ್ಲದ ಆಪತ್ತು. ಹಾಗೇ ಸುತ್ತುತ್ತ ಹೋದರೆ 2019ರ ನವೆಂಬರ್ 3ರಂದು ಜುನೋ ಗುರುವಿನ ನೆರಳಿಗೆ ಸಿಕ್ಕಿ 12 ಗಂಟೆ ಕಳೆಯಬೇಕಾಗಿತ್ತು. ಬ್ಯಾಟರಿ ಅಷ್ಟು ಹೊತ್ತು ತಡೆಯುವುದಲ್ಲ. ನೌಕೆಯ ನರನಾಡಿಯೆಲ್ಲ ಹೆಪ್ಪುಗಟ್ಟುತ್ತಿತ್ತು. ಪಥ ಲೆಕ್ಕಿಸುವವರು ಕೂತು ಯೋಚಿಸಿ ಒಂದು ದಾರಿ ಹುಡುಕಿದರು: ಮೊದಲೇ, ಗುರುವಿನಿಂದ ದೂರವಿರುವಾಗಲೇ, ಸ್ವಲ್ಪ ತಳ್ಳಿಕೊಂಡರೆ ನೆರಳನ್ನು ಬಳಸಿ ದಾಟಬಹುದು. ಸೆಪ್ಟೆಂಬರ್ 30ರಂದು ಜುನೋ ತನ್ನ ಪುಟ್ಟ ಥ್ರಸ್ಟರ್‌ಗಳನ್ನು ಹತ್ತೂವರೆ ಗಂಟೆ ಉರಿಸಿತು. ಇಷ್ಟು ಹೊತ್ತು ಅವು ಹಿಂದೆಂದೂ ಉರಿದಿರಲಿಲ್ಲ. 73 ಕಿಲೋ ಇಂಧನ ಹೋಯಿತು. ನವೆಂಬರ್ 3ರಂದು ಜುನೋ ಬಿಸಿಲಿನಲ್ಲೇ ಗುರುವಿನ ಪಕ್ಕ ಹಾದುಹೋಯಿತು. ದಕ್ಷಿಣ ಧ್ರುವದ ಮೇಲೆ ಹಿಂದೆ ಕಂಡಿರದ ಹೊಸದೊಂದು ಸುಳಿಗಾಳಿಯ ಚಿತ್ರವೂ ಆ ಭೇಟಿಯಲ್ಲೇ ಸಿಕ್ಕಿತು.

ಈ ಬಗೆಯ ಜಿಗಿತವನ್ನು ಅದಕ್ಕಿಂತ ಮುಂಚೆಯೇ ಬೆಂಗಳೂರಿನವರು ಮಾಡಿದ್ದರು. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ನಮ್ಮ ಮಂಗಳಯಾನಕ್ಕೆ ಇದ್ದದ್ದು ಮೂರು ಹಲಗೆಗಳ ಒಂದೇ ರೆಕ್ಕೆ, ಮಂಗಳನ ಬಳಿ 840 ವಾಟ್. ಆರು ತಿಂಗಳು ಬಾಳಿದರೆ ಸಾಕು ಎಂದು ಕಳಿಸಿದ ನೌಕೆ ಎರಡು ವರ್ಷ ದಾಟಿದಾಗ, 2017ರಲ್ಲಿ ಗಂಟೆಗಟ್ಟಲೆಯ ಗ್ರಹಣ ಎದುರಾಗಲಿತ್ತು. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಹಾಸನ ಜಿಲ್ಲೆಯ ಎ. ಎಸ್. ಕಿರಣ್ ಕುಮಾರ್. ಜನವರಿ 17ರಂದು ಪೀಣ್ಯದ ನಿಯಂತ್ರಣ ಕೇಂದ್ರದ ಆಜ್ಞೆಯಂತೆ ಎಂಟು ಥ್ರಸ್ಟರ್‌ಗಳು 431 ಸೆಕೆಂಡ್ ಉರಿದು ಕಕ್ಷೆ ಬದಲಾಯಿತು. ನೆರಳು ತಪ್ಪಿತು. ಟ್ಯಾಂಕಿನಲ್ಲಿ ಉಳಿದದ್ದು 13 ಕಿಲೋ ಇಂಧನ. ಆ 13 ಕಿಲೋದಲ್ಲಿ ಮಂಗಳಯಾನ ಮತ್ತೆ ಐದು ವರ್ಷ ದೂಡಿತು. 2022ರ ಏಪ್ರಿಲ್‌ನ ದೀರ್ಘ ಗ್ರಹಣದ ಹೊತ್ತಿಗೆ ಸಂಪರ್ಕ ಕಡಿಯಿತು. ಇಂಧನ ಮುಗಿದಿರಬೇಕು, ರೆಕ್ಕೆಯನ್ನು ಸೂರ್ಯನತ್ತ ಹಿಡಿದಿಡಲು ಆಗಿಲ್ಲ ಎಂದು ಇಸ್ರೊ ಅದೇ ವರ್ಷ ಹೇಳಿತು. ಬ್ಯಾಲಾಳಿನ 32 ಮೀಟರ್ ಆಂಟೆನಾ ಎಂಟು ವರ್ಷ ಕೇಳಿದ ದನಿ ಅದು.

ಇಂಥದ್ದೇ ಆತಂಕ ಲೂಸಿಯದ್ದು, ನೆರಳಿಂದಲ್ಲ, ಒಂದು ದಾರದಿಂದ. ಗುರುವಿನ ಕಕ್ಷೆಯಲ್ಲೇ ಸುತ್ತುವ ಟ್ರೋಜನ್ ಕ್ಷುದ್ರಗ್ರಹಗಳ ಕಡೆಗೆ 2021ರ ಅಕ್ಟೋಬರ್ 16ರಂದು ಹೊರಟ ಈ ನೌಕೆಯ ಎರಡು ದುಂಡು ರೆಕ್ಕೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಒಂದೊಂದೂ ಏಳು ಮೀಟರಿಗಿಂತ ಅಗಲ. ಮೋಟಾರೊಂದು ಹುರಿಯನ್ನು ಸುತ್ತಿಕೊಳ್ಳುತ್ತ ಬೀಸಣಿಗೆಯನ್ನು ಎಳೆಯಬೇಕು. ಒಂದು ರೆಕ್ಕೆಯ ಹುರಿ ಸಡಿಲವಾಗಿ, ಪೂರ್ತಿ ಸುತ್ತಿಗೆ ಸ್ವಲ್ಪ ಮೊದಲೇ ನಿಂತುಬಿಟ್ಟಿತು. ಮರುವರ್ಷದ ಮೇ, ಜೂನ್‌ನಲ್ಲಿ ಮುಖ್ಯ ಮೋಟಾರು, ಮೀಸಲು ಮೋಟಾರು ಎರಡನ್ನೂ ಒಟ್ಟಿಗೆ ಓಡಿಸಿ ಜಗ್ಗಿದರು. 360ರಲ್ಲಿ 353 ಡಿಗ್ರಿಗೂ ಮೀರಿ ಬಿಚ್ಚಿಕೊಂಡಿತು. ಬೀಗ ಬೀಳಲಿಲ್ಲ, ಆದರೆ ರೆಕ್ಕೆ ಬಿಗಿಯಾಗಿ ನಿಂತಿದೆ. ಅದೇ ಸ್ಥಿತಿಯಲ್ಲೇ ಲೂಸಿ 2027ರ ಆಗಸ್ಟ್‌ನಲ್ಲಿ ಮೊದಲ ಟ್ರೋಜನ್, ಯೂರಿಬೇಟಿಸ್ ಅನ್ನು ಕಾಣಬೇಕು.

ಈಗ ಗುರುವಿನ ದಾರಿಯಲ್ಲಿ ಇನ್ನೆರಡು ಸೌರನೌಕೆಗಳಿವೆ. 2023ರ ಏಪ್ರಿಲ್ 14ರಂದು ಹೊರಟ ಯುರೋಪಿನ ಜೂಸ್‌ಗೆ 85 ಚದರ ಮೀಟರ್ ಫಲಕ, ತಲುಪುವುದು 2031ರಲ್ಲಿ. ನಾಸಾದ ಯುರೋಪಾ ಕ್ಲಿಪ್ಪರ್ 2024ರ ಅಕ್ಟೋಬರ್ 14ರಂದು ಹೊರಟಿತು. ಅದರ ರೆಕ್ಕೆಗಳ ಹರವು 30 ಮೀಟರ್ ದಾಟುತ್ತದೆ, ತಲುಪುವುದು 2030ರ ಏಪ್ರಿಲ್‌ನಲ್ಲಿ. ಕ್ಲಿಪ್ಪರ್ ನೆರಳನ್ನು ಜಿಗಿದು ದಾಟುವ ನೌಕೆಯಲ್ಲ. ಗುರುವಿನ ನೆರಳಿಗೆ ಹೋಗಿ ಬರುವುದನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ಕಟ್ಟಿದ್ದಾರೆ. ನೌಕೆಯ ಒಡಲಿಗೆ ಬೆಚ್ಚಗಿನ ವ್ಯವಸ್ಥೆಯಿದೆ. ರೆಕ್ಕೆಗಳಿಗೆ ಹೊದಿಕೆಯಿಲ್ಲ, ಹೀಟರಿಲ್ಲ. ಆ ಕತ್ತಲಲ್ಲಿ ಅವು ಶೂನ್ಯಕ್ಕಿಂತ 240 ಡಿಗ್ರಿ ಕೆಳಗೆ ಇಳಿಯಬಹುದು. ಅಷ್ಟು ಚಳಿಗೆ ಅಂಟು ಬಿಡುತ್ತದೆಯೇ, ಬೆಸುಗೆ ಸೀಳುತ್ತದೆಯೇ ಎಂದು ನೋಡಲು, ಹೊರಡುವ ಎಷ್ಟೋ ಮುಂಚೆಯೇ ಫಲಕದ ಒಂದು ಸಣ್ಣ ಮಾದರಿಯನ್ನು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಶೀತಕೋಣೆಗೆ ಕಳಿಸಿದ್ದರು. ಅಲ್ಲಿ ಅದನ್ನು ಗುರುವಿನ ಚಳಿಯಲ್ಲಿ ಹೆಪ್ಪುಗಟ್ಟಿಸಿ ಪರೀಕ್ಷಿಸಿದರು.